ಸೂಜಿಮೊನೆಯಷ್ಟು ಗಾಯ

ಡೊಂಬಿವಲಿ ಪೂರ್ವದ ಆ ವಸತಿ ಸೊಸೈಟಿಯಲ್ಲಿ ನೀರಿನ ಪಂಪು ಕೆಟ್ಟ ದಿನ ಸೆಕ್ರೆಟರಿ ಹಿಂದಿನ ಗೇಟಿನಿಂದ ಹೊರಗೆ ಹೋಗುತ್ತಾನೆ. ಮುಂದಿನ ಗೇಟಿನ ಹತ್ತಿರ ಪೂವಪ್ಪ ನಿಂತಿರುತ್ತಾನೆ ಎಂಬುದು ಅವನಿಗೆ ಗೊತ್ತು. ಐವತ್ತೇಳು ವರ್ಷದ ಗಿಡ್ಡ ಮನುಷ್ಯ, ಮೂಗಿನ ತುದಿಯಲ್ಲೇ ಕೋಪ. ಪಂಪಿನ ವಾಲ್ವಿಗೆ ಯಾರೋ ಹಗ್ಗ ಕಟ್ಟಿ ರಿಪೇರಿ ಮಾಡಿದ್ದನ್ನು ಕಂಡರೆ ಸಾಕು, ಆ ಹಗ್ಗ ಕಟ್ಟಿದವನ ಏಳು ತಲೆಮಾರನ್ನು ಕರೆದು ನಿಲ್ಲಿಸಿ ಬೈಯುತ್ತಾನೆ. ಬೈದ ಮೇಲೆ ತಾನೇ ಕೂತು ವಾಲ್ವು ಬದಲಿಸುತ್ತಾನೆ. ಜನರಿಗೆ ನೆನಪಿರುವುದು ಬೈಗುಳ ಮಾತ್ರ.

ಮೂಲ್ಕಿಯ ಕಡೆಯವನು. ಹದಿನಾರನೆಯ ವಯಸ್ಸಿಗೆ ಸೋದರಮಾವನ ಜೊತೆ ಠಾಣೆ ಪಟ್ಟಣದ ಹೋಟೆಲಿಗೆ ಬಂದ. ಅಲ್ಲಿ ನಿಂತದ್ದು ಮೂರೇ ತಿಂಗಳು. ಸಾಂಬಾರು ತಣ್ಣಗಿದೆ ಎಂದ ಗಿರಾಕಿಗೆ, ಬಿಸಿ ಇದ್ದಾಗ ನೀವು ಪೇಪರ್ ಓದುತ್ತಿದ್ದಿರಿ, ಈಗ ತಣ್ಣಗೇ ತಿನ್ನಿ ಎಂದುಬಿಟ್ಟ. ಮಾವ ತಲೆಯ ಮೇಲೆ ಕೈ ಹೊತ್ತು ಕೂತ. ಇವನ ಬಾಯಿಗೆ ಹೋಟೆಲು ಆಗುವುದಿಲ್ಲ, ಮಿಷನ್ನಿಗಾದರೆ ಎಷ್ಟು ಬೈದರೂ ಅದು ಎದ್ದು ಹೋಗುವುದಿಲ್ಲ ಎಂದು ಯೋಚಿಸಿ ತುರ್ಭೆಯ ಒಂದು ವರ್ಕ್‌ಶಾಪಿಗೆ ತಂದು ಹಾಕಿದ. ಅಲ್ಲಿ ರಮಾಕಾಂತ ಎಂಬ ಫಿಟ್ಟರ್ ಇದ್ದ, ಕಲ್ಯಾಣದವನು, ಪೂವಪ್ಪನಿಗಿಂತ ಹತ್ತು ವರ್ಷ ದೊಡ್ಡವನು. ಹೈಡ್ರಾಲಿಕ್ ಪ್ರೆಸ್ಸಿನ ಕೆಲಸವನ್ನು ಅವನ ಪಕ್ಕದಲ್ಲಿ ನಿಂತು ಕಲಿತ.

ಆ ಕೆಲಸದಲ್ಲಿ ಪೂವಪ್ಪನಿಗೆ ಹಿಡಿಸಿದ್ದು ಎಣ್ಣೆಯ ನ್ಯಾಯ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ಸರಿದು ಜಾಗ ಬಿಡುತ್ತದೆ. ಎಣ್ಣೆ ಹಾಗಲ್ಲ. ಕೊಳವೆಯ ಒಂದು ತುದಿಯಲ್ಲಿ ಒತ್ತಿದರೆ ಆ ಒತ್ತಡ ಒಂದಿಷ್ಟೂ ಕಡಿಮೆಯಾಗದೆ ಪ್ರತಿ ಮೂಲೆಗೂ ಒಂದೇ ಸಮ ಮುಟ್ಟುತ್ತದೆ. ಅಂಗೈ ಅಗಲದ ಪಿಸ್ಟನ್ನಿನ ಮೇಲೆ ಒತ್ತಿದ್ದು ತಟ್ಟೆಯಗಲದ ಪಿಸ್ಟನ್ನಿನಲ್ಲಿ ಲಾರಿಯನ್ನು ಎತ್ತುತ್ತದೆ. ಇವನು ಮ್ಯಾನೇಜರು, ಇವನು ಕೂಲಿ ಎಂದು ಅದು ನೋಡುವುದಿಲ್ಲ. ದುರ್ಬಲ ಜಾಗ ಎಲ್ಲಿದೆಯೋ ಅಲ್ಲಿ ಒಡೆದು ಹೊರಗೆ ಬರುತ್ತದೆ, ಅಷ್ಟೇ. ಮನುಷ್ಯರಲ್ಲಿ ಕಾಣದ ಈ ನೆಟ್ಟಗಿನ ಬುದ್ಧಿಯನ್ನು ಅವನು ಎಣ್ಣೆಯಲ್ಲಿ ಕಂಡ.

ಮನೆಯಲ್ಲೂ ಅದೇ ವಿದ್ಯೆ. ಹೆಂಡತಿ ದಮಯಂತಿಗೆ ದಿನವಿಡೀ ನಿಂತು ಕಾಲು ಬಾವು ಬಂದರೆ, “ನಿನ್ನ ರಿಟರ್ನ್ ಲೈನ್ ಸರಿ ಇಲ್ಲ” ಎನ್ನುತ್ತಾನೆ. ಹೃದಯ ರಕ್ತವನ್ನು ಕೆಳಗೆ ತಳ್ಳುತ್ತದೆ, ಪಾದದಿಂದ ಮೇಲಕ್ಕೆ ತರಲು ಮೀನಖಂಡವೇ ಪಂಪು, ನಡೆದರೆ ಮಾತ್ರ ಆ ಪಂಪು ಓಡುತ್ತದೆ ಎಂದು ಅರ್ಧ ಗಂಟೆ ಪಾಠ ಮಾಡುತ್ತಾನೆ. “ನಾನು ಎಂತ, ನಿಮ್ಮ ಪ್ರೆಸ್ಸಾ? ನೀವೇ ಸ್ವಲ್ಪ ಪಾತ್ರೆ ತೊಳೆದರೆ ನನ್ನ ಕಾಲು ತಾನಾಗಿ ಇಳಿತದೆ” ಎನ್ನುತ್ತಾಳೆ ದಮಯಂತಿ. ಮಗಳು ಮಾನಸಿ ಹನ್ನೊಂದನೆಯ ತರಗತಿಯಲ್ಲಿದ್ದಾಗ ಅವಳಿಂದ ಒಂದು ಲೆಕ್ಕ ಮಾಡಿಸಿದ್ದ. ಡಾಕ್ಟರು ಬಿ.ಪಿ. ನೂರಿಪ್ಪತ್ತು ಎನ್ನುತ್ತಾರಲ್ಲ, ಅದು ನನ್ನ ಪ್ರೆಸ್ಸಿನ ಇನ್ನೂರು ಬಾರ್ ಒತ್ತಡದ ಮುಂದೆ ಎಷ್ಟು ಎಂದು. ಅಪ್ಪನ ಮಾತು ಪೂರ್ತಿ ಅರ್ಥವಾದರೂ ಹಿಂದಿಯಲ್ಲೇ ಉತ್ತರಿಸುವ ಆ ಹುಡುಗಿ ಕಾಗದದ ಮೇಲೆ ಗೀಚಿ, “ಬಾರಾ ಸೌ ಪಚಾಸ್ ಗುನಾ, ಪಪ್ಪಾ” ಎಂದಳು. ಮನುಷ್ಯನ ಹೃದಯ ತಳ್ಳುವುದಕ್ಕಿಂತ ಸಾವಿರದ ಇನ್ನೂರೈವತ್ತು ಪಟ್ಟು ಜೋರು. ಆ ದಿನ ಪೂವಪ್ಪ ಊಟ ಸರಿಯಾಗಿ ಮಾಡಲಿಲ್ಲ.

ಈಗ ಅವನು ಇರುವುದು ಅಂಬರನಾಥದ ಒಂದು ಕಾರ್ಖಾನೆಯಲ್ಲಿ. ತಗಡನ್ನು ಒತ್ತಿ ಗಾಡಿಯ ಬಿಡಿಭಾಗ ಮಾಡುತ್ತಾರೆ. ಅಲ್ಲೂ ಎಲ್ಲ ಕಡೆ ಇರುವ ಕೆಟ್ಟ ಅಭ್ಯಾಸವೇ ಇದೆ. ಪ್ರೆಸ್ಸಿನ ಒತ್ತಡ ಇಳಿಯಿತೆಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ತೂತು ಎಷ್ಟು ಸಣ್ಣದಿರುತ್ತದೆ ಎಂದರೆ ಕಣ್ಣಿಗೆ ಕಾಣುವುದಿಲ್ಲ, ಹೊರಬರುವ ಎಣ್ಣೆಯೂ ಕಾಣುವುದಿಲ್ಲ. ಹಾಗಾಗಿ ಜನ ಏನು ಮಾಡುತ್ತಾರೆ? ಬರಿಗೈಯನ್ನು ಹೋಸ್ ಪೈಪಿನ ಮೇಲೆ ಸವರಿಕೊಂಡು ಹೋಗುತ್ತಾರೆ. ಒದ್ದೆ ತಗುಲಿದ ಕಡೆ ತೂತು. ಮೂವತ್ತು ವರ್ಷ ಹಾಗೆ ಸವರಿ ಏನೂ ಆಗದವರು, ನೋಡು, ಏನೂ ಆಗುವುದಿಲ್ಲ ಎಂದು ಹೊಸಬರಿಗೆ ಕಲಿಸುತ್ತಾರೆ. ಆದವರು ಕಲಿಸಲು ಉಳಿದಿರುವುದಿಲ್ಲ. ಪೂವಪ್ಪನೊಬ್ಬ ಮಿಠಾಯಿ ಡಬ್ಬದ ರಟ್ಟನ್ನು ಕೋಲಿಗೆ ಸಿಕ್ಕಿಸಿ ದೂರದಿಂದ ಹಿಡಿದು ನೋಡುತ್ತಾನೆ, ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡುತ್ತದೆ. ಇದಕ್ಕೆ ಇಡೀ ಶಾಪು ನಗುತ್ತದೆ. ಯಾರಾದರೂ ಕೈ ಹಾಕಿದ್ದು ಕಂಡರೆ ಅವನು ಸ್ಪ್ಯಾನರ್ ಎಸೆಯುವುದೂ ಉಂಟು. ಇಷ್ಟು ಸಿಟ್ಟು ಯಾಕೆ ಎಂದು ಕೇಳಿದವರಿಗೆ ಇನ್ನಷ್ಟು ಬೈಗುಳ ಸಿಗುತ್ತಿತ್ತೇ ಹೊರತು ಕಾರಣ ಸಿಗುತ್ತಿರಲಿಲ್ಲ.

ಹೋದ ಏಪ್ರಿಲ್‌ನ ಒಂದು ಮಧ್ಯಾಹ್ನ ಎರಡನೆಯ ನಂಬರಿನ ಪ್ರೆಸ್ಸು ಒತ್ತಡ ಕಳೆದುಕೊಂಡಿತು. ಅದರ ಹೋಸ್ ಪೈಪು ಹಳತಾಗಿ ಬಿರಿದಿದೆ, ಬದಲಿಸಿ ಎಂದು ಪೂವಪ್ಪ ಹನ್ನೊಂದು ತಿಂಗಳಲ್ಲಿ ಮೂರು ಸಲ ಬರೆದುಕೊಟ್ಟಿದ್ದ. ಮೂರು ಸಲವೂ ಪ್ರೊಡಕ್ಷನ್ ಮ್ಯಾನೇಜರ್ ರಾಜಶೇಖರ, “ಮುಂದಿನ ತಿಂಗಳು ನೋಡೂಣ್ರಿ” ಎಂದಿದ್ದ. ರಾಜಶೇಖರ ಗದಗಿನವನು, ನಲವತ್ತು ದಾಟಿದವನು, ಕೆಟ್ಟವನೇನಲ್ಲ. ಮೇಲಿನವರಿಗೆ ಹೆದರುವ, ಕೆಳಗಿನವರಿಗೆ ನಗುವ, ಮಧ್ಯದ ಮನುಷ್ಯ. ಅಂಥವರಿಂದಲೇ ಈ ಲೋಕದಲ್ಲಿ ಹೆಚ್ಚು ಹಾಳಾಗಿರುವುದು.

ನಾಲ್ಕು ಗಂಟೆಗೆ ಮಾಲು ತುಂಬುವ ಗಾಡಿ ಬರುವುದಿತ್ತು. ಪೂವಪ್ಪ ರಟ್ಟು ತರಲು ಆ ಕಡೆ ಹೋಗಿ ಈ ಕಡೆ ಬರುವಷ್ಟರಲ್ಲಿ ರಾಜಶೇಖರ ತಾಳ್ಮೆ ಕಳೆದುಕೊಂಡು ಓಡುತ್ತಿರುವ ಪ್ರೆಸ್ಸಿನ ಹತ್ತಿರ ಬಗ್ಗಿ, ಎಡಗೈಯನ್ನು ಪೈಪಿನ ಉದ್ದಕ್ಕೂ ಸವರಿದ. ಸವರಿದವನು ಸಟ್ಟನೆ ಕೈ ಎಳೆದುಕೊಂಡ. ಪೂವಪ್ಪ ಓಡಿ ಬಂದು ಕೆಂಪು ಗುಂಡಿ ಗುದ್ದಿದ. ಪ್ರೆಸ್ಸು ಉಸಿರು ಬಿಟ್ಟು ನಿಂತಿತು. ಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು.

“ಕೈ ತೋರಿಸಿ ಸರ್.”

“ಏನೂ ಆಗಿಲ್ರಿ ಪೂವಪ್ಪನವರ. ಸೂಜಿ ಚುಚ್ಚಿದಂಗ ಆತು. ಪೈಪಿನ ಒಳಗಿನ ವೈರ್ ಹೊರಗ ಬಂದು ಬಡದಿರಬೇಕು.”

ತೋರುಬೆರಳಿನ ತುದಿಯಲ್ಲಿ ಒಂದು ಚುಕ್ಕೆ. ರಕ್ತ ಕೂಡ ಒಂದೇ ಹನಿ. ನೋವಿಲ್ಲ. ಇದು ಏನೆಂದು ಪೂವಪ್ಪನಿಗೆ ತಕ್ಷಣ ಗೊತ್ತಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಆಗಲಿ, ಇವನಿಗೇ ಆಗಲಿ, ಹನ್ನೊಂದು ತಿಂಗಳು ಮುಂದೂಡಿದ ಕೈಗೇ ಆಗಲಿ. ಆ ಯೋಚನೆ ರುಚಿಯಾಗಿಯೇ ಇತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮರುಕ್ಷಣ ತನ್ನ ಮೇಲೇ ಹೇಸಿಗೆಯಾಗಿ ಅವನ ಸಿಟ್ಟು ಇಮ್ಮಡಿಯಾಯಿತು.

“ವೈರ್ ಅಲ್ಲ ಅದು. ಎಣ್ಣೆ. ನಿಮ್ಮ ಬೆರಳಿನ ಒಳಗೆ ಎಣ್ಣೆ ಹೋಗಿ ಆಯಿತು. ಈಗಲೇ ಆಸ್ಪತ್ರೆಗೆ ನಡೀರಿ.”

“ಹಂಗ್ಯಾಕ ಒದರಾಕತ್ತೀರಿ? ನಾಲ್ಕಕ್ಕ ಗಾಡಿ ಅದ. ಮೊದಲ ಪ್ರೆಸ್ ಚಾಲೂ ಮಾಡ್ರಿ.”

ಪೂವಪ್ಪ ಮೇನ್ ಸ್ವಿಚ್ ಕೆಳಗೆಳೆದು ಅದಕ್ಕೆ ತನ್ನ ಬೀಗ ಹಾಕಿ ಚಾವಿಯನ್ನು ಜೇಬಿಗಿಳಿಸಿದ. “ಈಗ ಯಾವ ಗಾಡಿ ಬರ್ತದೆ ನೋಡುವ” ಎಂದ. ಇಡೀ ಶಾಪು ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು.

ಕಂಪನಿಯವರು ಗೊತ್ತು ಮಾಡಿದ ಡಾಕ್ಟರ್ ಯತಿನ್ ಅವರ ದವಾಖಾನೆ ಎರಡು ಗಲ್ಲಿ ಆಚೆ. ಬೇರೆ ದಾರಿಯಿಲ್ಲದೆ ರಾಜಶೇಖರ ಗೊಣಗುತ್ತ ಅಲ್ಲಿಗೆ ಹೊರಟ. ಡಾಕ್ಟರು ಬೆರಳನ್ನು ಬೆಳಕಿಗೆ ಹಿಡಿದು ನೋಡಿ, “ಕುಛ್ ನಹೀಂ ಹೈ” ಎಂದರು. ಸ್ಪಿರಿಟ್ಟಿನಲ್ಲಿ ಒರೆಸಿ, ಧನುರ್ವಾತದ ಇಂಜೆಕ್ಷನ್ ಕೊಟ್ಟು, ನೋವಿನ ಮಾತ್ರೆ ಬರೆದರು. ಪೂವಪ್ಪ ಮೇಜಿನ ಮೇಲೆ ಎರಡೂ ಕೈಯೂರಿ ಬಗ್ಗಿದ. ತನಗೆ ಬರುವ ಹಿಂದಿಯಲ್ಲಿ, ಇದನ್ನು ಕೊಯ್ದು ತೊಳೆಯಬೇಕು ಸಾಹೇಬರೇ, ಒಳಗೆ ಎಣ್ಣೆ ಇದೆ, ಇನ್ನೂರು ಬಾರ್‌ನಲ್ಲಿ ಹೋದದ್ದು, ಸಣ್ಣ ತೂತು ಎಂದರೇ ಹೆಚ್ಚು ಅಪಾಯ ಎಂದ.

“ಚಾಚಾ, ಡಾಕ್ಟರ್ ಆಪ್ ಹೈಂ ಯಾ ಮೈಂ?”

“ನೀವೇ ಡಾಕ್ಟರು. ಆದರೆ ಆ ಎಣ್ಣೆ ನನಗೆ ಗೊತ್ತು, ನಿಮಗೆ ಗೊತ್ತಿಲ್ಲ” ಎಂದ ಪೂವಪ್ಪ, ಅದೂ ಹಿಂದಿಯಲ್ಲೇ. “ನಿಮ್ಮ ರಕ್ತದ ಒತ್ತಡದ ಸಾವಿರದ ಇನ್ನೂರೈವತ್ತು ಪಟ್ಟು ಅದು. ಚರ್ಮ ಅದಕ್ಕೆ ಯಾವ ಲೆಕ್ಕ?”

ಡಾಕ್ಟರು ಕಾಂಪೌಂಡರನನ್ನು ಕರೆದು ಇವರನ್ನು ಹೊರಗೆ ಕೂರಿಸು ಎಂದರು. ಓದಿದವರಿಗೆ ಗೊತ್ತಿಲ್ಲದಿರುವುದು ತಪ್ಪಲ್ಲ, ಎಲ್ಲವನ್ನೂ ಯಾರು ಓದಿರುತ್ತಾರೆ? ಎಣ್ಣೆ ಮೆತ್ತಿದ ಅಂಗಿಯವನ ಬಾಯಿಂದ ಬಂದ ಮಾತ್ರಕ್ಕೆ ಅದನ್ನು ಕಿವಿಗೆ ಹಾಕಿಕೊಳ್ಳದಿರುವುದಿದೆಯಲ್ಲ, ಆ ಸೊಕ್ಕಿಗೆ ಮದ್ದಿಲ್ಲ.

ರಾಜಶೇಖರ ನಿರಾಳವಾಗಿ ಹೊರಗೆ ಬಂದ. “ಕೇಳಿದ್ರಲ್ಲಾ, ಏನೂ ಇಲ್ಲಂತ. ಚಾವಿ ಕೊಡ್ರಿ.”

ಪೂವಪ್ಪ ಚಾವಿ ಕೊಡಲಿಲ್ಲ. ರಾಜಶೇಖರನ ಬಲಗೈಯನ್ನು ಹಿಡಿದು ತೋರುಬೆರಳಿನ ಉಗುರನ್ನು ಗಟ್ಟಿಯಾಗಿ ಒತ್ತಿ ಬಿಟ್ಟ. ಬಿಳಿಚಿಕೊಂಡ ಉಗುರು ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಕೆಂಪಾಯಿತು. “ಇದು ರಕ್ತ ವಾಪಸ್ಸು ಬಂದದ್ದು. ಈಗ ಆ ಕೈ ನೋಡಿ.” ಎಡಗೈಯ ಉಗುರನ್ನು ಒತ್ತಿ ಬಿಟ್ಟ. ಅದು ಬಿಳಿಚಿಕೊಂಡಿತು. ಇಬ್ಬರೂ ಬಗ್ಗಿ ನೋಡುತ್ತ ನಿಂತರು. ಒಂದು ರಿಕ್ಷಾ ಹಾದುಹೋಯಿತು, ಇನ್ನೊಂದು ಹಾದುಹೋಯಿತು. ಉಗುರು ಬಿಳಿಯಾಗಿಯೇ ಇತ್ತು.

“ಎಣ್ಣೆ ಒಳಗೆ ಕೂತು ನಾಳವನ್ನು ಒತ್ತಿ ಹಿಡಿದದೆ. ನಿಮ್ಮ ಹೃದಯಕ್ಕೆ ಅದನ್ನು ತಳ್ಳುವ ತಾಕತ್ತಿಲ್ಲ. ರಕ್ತ ಹೋಗದ ಬೆರಳು ಎಷ್ಟು ಹೊತ್ತು ಬದುಕ್ತದೆ? ಆರು ಗಂಟೆ ಅಂತ ಇಟ್ಟುಕೊಳ್ಳಿ, ಅದರಲ್ಲಿ ಒಂದು ಆಗಲೇ ಹೋಗ್ತಾ ಬಂತು.”

ರಾಜಶೇಖರನ ಮುಖ ಉಗುರಿನ ಬಣ್ಣಕ್ಕೆ ತಿರುಗಿತು. ಕಂಪನಿಯ ಕಾರು ತರಿಸೋಣ ಎಂದ. ಶಿಳ್ ರಸ್ತೆಯ ಜಾಮಿನಲ್ಲಿ ಕೂತು ಬೆರಳು ಕೊಳೆಯುವುದನ್ನು ನೋಡುತ್ತೀರಾ ಎಂದು ಗದರಿಸಿ ಪೂವಪ್ಪ ಅವನನ್ನು ರಿಕ್ಷಾಕ್ಕೆ ತಳ್ಳಿದ. ಅಂಬರನಾಥ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ಸಿಕ್ಕಿತು. ಠಾಣೆಯಲ್ಲಿ ಕೈಯ ಶಸ್ತ್ರಚಿಕಿತ್ಸೆಯನ್ನೇ ಮಾಡುವ ಒಂದು ಆಸ್ಪತ್ರೆಯ ಹೆಸರು, ನಂಬರು ಬರೆದ ಕಾಗದ ಪೂವಪ್ಪನ ಪಾಕೀಟಿನಲ್ಲಿ ಸದಾ ಇರುತ್ತಿತ್ತು. ಡಾಕ್ಟರು ಬದಲಾದಂತೆ ಕಾಗದವೂ ಬದಲಾಗುತ್ತಿತ್ತು. ಬೇರೆ ಗಂಡಸರು ದೇವರ ಫೋಟೋ ಇಟ್ಟುಕೊಳ್ಳುತ್ತಾರೆ ಎಂದು ದಮಯಂತಿ ಅದಕ್ಕೂ ಆಡಿಕೊಂಡಿದ್ದಳು.

ಉಲ್ಲಾಸನಗರ ದಾಟುವಷ್ಟರಲ್ಲಿ ನೋವು ಶುರುವಾಯಿತು. ಬೆರಳು ಊದಿ ಬಿಗಿಯಾಯಿತು, ಅಂಗೈ ಭಾರವಾಯಿತು. ರಾಜಶೇಖರ ಕೈಯನ್ನು ಎದೆಗೊತ್ತಿ ಹಿಡಿದು, ಗದಗಿನ ತವರಿಗೆ ಹೋಗಿರುವ ಹೆಂಡತಿಗೆ ಮಾತ್ರ ಈಗಲೇ ಹೇಳಬೇಡಿ ಎಂದ. ಆಮೇಲೆ ದನಿ ಇಳಿಸಿ ಕೇಳಿದ. “ನಿಮಗ ಇದೆಲ್ಲಾ ಹೆಂಗ ಗೊತ್ತ್ರಿ?”

ಗಾಡಿ ಕಲ್ಯಾಣದಲ್ಲಿ ನಿಂತಿತು. ಜನ ನುಗ್ಗಿದರು. ಪೂವಪ್ಪ ತನ್ನ ಎರಡೂ ಕೈಗಳನ್ನು ಗೋಡೆಗೊತ್ತಿ, ರಾಜಶೇಖರನ ಕೈಗೆ ಯಾರೂ ತಗುಲದಂತೆ ನಿಂತ. ಹಾಗೆ ನಿಂತೇ ಹೇಳಿದ. ಮೂವತ್ತೊಂದು ವರ್ಷದ ಹಿಂದೆ ತುರ್ಭೆಯಲ್ಲಿ ರಮಾಕಾಂತನಿಗೆ ಹೀಗೇ ಚುಚ್ಚಿತ್ತು. ಹೀಗೇ ಒಂದು ಹನಿ ರಕ್ತ. ಮೂರು ದಿನ ಮಾತ್ರೆ ನುಂಗಿದ. ನಾಲ್ಕನೆಯ ದಿನ ಮೊಣಕೈಯಿಂದ ಕೆಳಗೆ ತೆಗೆದರು.

“ನಿಮಗೆ ಗೊತ್ತುಂಟಾ ಸರ್, ಅವನಿಗೆ ಆ ದಿನವೇ ಅನುಮಾನ ಇತ್ತು. ದೊಡ್ಡ ಆಸ್ಪತ್ರೆಗೆ ಹೋಗುವನಾ ಅಂತ ನನ್ನನ್ನು ಕೇಳಿದ. ಎಂತ ಮಾರಾಯ, ಹೆಂಗಸಿನ ಹಾಗೆ ಸೂಜಿ ಗಾಯಕ್ಕೆ ಹೆದರ್ತೀಯಾ ಅಂತ ನಾನು ನಗಾಡಿದೆ. ಚಹಾ ಕುಡಿಸಿ ಮನೆಗೆ ಕಳಿಸಿದವ ನಾನು. ಡಾಕ್ಟರಲ್ಲ, ಮಾಲೀಕನಲ್ಲ. ನಾನು.”

ಪೂವಪ್ಪನ ಸಿಟ್ಟು ಇಷ್ಟು ವರ್ಷ ಯಾರ ಮೇಲಿತ್ತು ಎಂಬುದು ಆ ಗದ್ದಲದ ಡಬ್ಬಿಯಲ್ಲಿ ರಾಜಶೇಖರನೊಬ್ಬನಿಗೆ ತಿಳಿಯಿತು. ಡೊಂಬಿವಲಿ ಬಂತು, ಹೋಯಿತು. ತನ್ನ ಸ್ಟೇಷನ್ನು ಹಾದುಹೋದದ್ದನ್ನು ಪೂವಪ್ಪ ನೋಡಲೂ ಇಲ್ಲ.

ಠಾಣೆಯ ಆಸ್ಪತ್ರೆಯಲ್ಲಿ ಬಂದವರು ಡಾಕ್ಟರ್ ಶಿವಾನಿ ಎಂಬ ಚಿಕ್ಕ ವಯಸ್ಸಿನ ಹೆಂಗಸು. ಪೂವಪ್ಪ ಜಗಳಕ್ಕೆ ಸಿದ್ಧನಾಗಿಯೇ ಒಳಗೆ ಹೋಗಿದ್ದ. ಆಕೆ ಬೆರಳನ್ನು ಮುಟ್ಟಿ ನೋಡಿ, ಇವರಿಬ್ಬರ ಮಾತು ಕೇಳಿ, ಅಜ್ಜಿಯಿಂದ ಕಲಿತಂತಿದ್ದ ಹರಕು ಕನ್ನಡದಲ್ಲಿ ಕೇಳಿದರು. “ಯಾವಾಗ ಆತು? ಯಾವ ಎಣ್ಣಿ? ಪ್ರೆಶರ್ ಎಷ್ಟ?”

ಮೂವತ್ತೊಂದು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಪೂವಪ್ಪನನ್ನು ಕೇಳಿರಲಿಲ್ಲ. “ಎರಡೂ ಹತ್ತಕ್ಕೆ. ನಲವತ್ತಾರು ನಂಬರಿನ ಹೈಡ್ರಾಲಿಕ್ ಆಯಿಲ್. ಇನ್ನೂರು ಬಾರ್” ಎಂದ. ಆಕೆ ಗಡಿಯಾರ ನೋಡಿದರು. ನಾಲ್ಕಾಗಲು ಐದು ನಿಮಿಷ. “ಥಿಯೇಟರ್ ತಯಾರ್ ಮಾಡ್ರಿ” ಎಂದು ನರ್ಸಿಗೆ ಹೇಳಿ, ಪೂವಪ್ಪನ ಕಡೆ ತಿರುಗಿ, ಒಳಗೆ ಬೆರಳನ್ನು ಮಡಚುವ ಸ್ನಾಯುರಜ್ಜುವಿನ ಸುತ್ತ ಒಂದು ಪೊರೆ ಇರುತ್ತದೆ, ಎಣ್ಣೆ ಅದರ ಹಾದಿ ಹಿಡಿದು ಅಂಗೈಗೆ ಇಳಿದಿರುತ್ತದೆ, ಉದ್ದಕ್ಕೂ ತೆರೆದು ತೊಳೆಯಬೇಕು ಎಂದು ವಿವರಿಸಿದರು. ತನಗೆ ವಿವರಿಸುತ್ತಿದ್ದಾರೆ ಎಂಬುದೇ ಅವನಿಗೆ ನಂಬಿಕೆಯಾಗಲಿಲ್ಲ.

ಒಳಗೆ ಹೋಗುವ ಮುಂಚೆ ರಾಜಶೇಖರ ತನ್ನ ಫೋನನ್ನು ಪೂವಪ್ಪನ ಕೈಗೆ ಕೊಟ್ಟ. ಅದು ಸುಮ್ಮನಿರಲಿಲ್ಲ. ಮೊದಲ ಫೋನು ಡಿಸ್ಪ್ಯಾಚಿನವನದು, ಪ್ರೆಸ್ಸು ಯಾವಾಗ ಶುರುವಾಗುತ್ತದೆ ಎಂದು. ರಾಜಶೇಖರ ಸಾಹೇಬರು ಆಪರೇಷನ್ನಿನಲ್ಲಿದ್ದಾರೆ ಎಂದ ಪೂವಪ್ಪ. “ಹಾಂ ಹಾಂ, ಪಣ್ ಚಾವಿ ಕುಠೇ ಆಹೇ?” ಎಂದಿತು ಆ ಕಡೆಯ ಮರಾಠಿ. ಚಾವಿ ನನ್ನ ಜೇಬಿನಲ್ಲಿದೆ, ಬೀಗ ಒಡೆಯಿರಿ ಎಂದು ಫೋನಿಟ್ಟ. ಆಮೇಲೆ ಸ್ಟೋರಿನವನು, ಹೋಸ್ ಪೈಪಿನ ಸೈಜು ಎಷ್ಟು ಎಂದು. ಆಮೇಲೆ ಮಾಲೀಕರ ಕ್ಯಾಬಿನ್ನಿನಿಂದ, ಇನ್ನೆಷ್ಟು ಹೊತ್ತು ಎಂದು. ಐದೂವರೆಗೆ ಬಂದ ಫೋನಿನಲ್ಲಿ ಹೊಸ ಹೋಸ್ ಪೈಪು ತುರ್ಭೆಯಿಂದ ಬೈಕಿನಲ್ಲಿ ಬಂತು, ಹಾಕಿ ಆಯಿತು, ಪ್ರೆಸ್ಸು ಓಡುತ್ತಿದೆ ಎಂಬ ಸಂತೋಷದ ಸುದ್ದಿ ಇತ್ತು.

ಪೂವಪ್ಪ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹಲ್ಲು ಕಡಿದ. ಹನ್ನೊಂದು ತಿಂಗಳಿಂದ ಸಿಗದ ಪೈಪು ಒಂದೂವರೆ ಗಂಟೆಯಲ್ಲಿ ಸಿಕ್ಕಿತ್ತು. ಒಳಗೆ ಒಬ್ಬನ ಅಂಗೈಯನ್ನು ತೆರೆದು ಎಣ್ಣೆ ತೊಳೆಯುತ್ತಿರುವಾಗ ಅಲ್ಲಿ ಅದೇ ಪ್ರೆಸ್ಸು ಅದೇ ಎಣ್ಣೆಯಲ್ಲಿ ತಗಡು ಒತ್ತುತ್ತಿತ್ತು. ಫೋನನ್ನು ಗೋಡೆಗೆ ಎಸೆಯಬೇಕೆನಿಸಿತು. ತನ್ನದಲ್ಲ ಎಂದು ಸುಮ್ಮನಾದ.

ಏಳು ಗಂಟೆಗೆ ಡಾಕ್ಟರ್ ಶಿವಾನಿ ಹೊರಗೆ ಬಂದರು. ಮಣಿಕಟ್ಟಿನವರೆಗೆ ತೊಳೆಯಬೇಕಾಯಿತು, ಎರಡು ದಿನ ಬಿಟ್ಟು ಮತ್ತೊಮ್ಮೆ ತೆರೆದು ನೋಡಬೇಕು, ಬೆರಳು ಪೂರ್ತಿ ಮಡಚಲು ತಿಂಗಳುಗಳೇ ಹಿಡಿಯಬಹುದು, ಆದರೆ ಉಗುರಿಗೆ ಕೆಂಪು ಬಂದಿದೆ ಎಂದರು. ಇಂಥದ್ದಕ್ಕೆ ಜನ ನಾಳೆ ಬರುತ್ತಾರೆ, ಇಲ್ಲ ನಾಡಿದ್ದು, ನೀವು ಇವತ್ತೇ ತಂದಿರಿ ಎಂದರು. ಪೂವಪ್ಪ ತಲೆಯಾಡಿಸಿದ. ಹೊಗಳಿಕೆಗೆ ಏನು ಹೇಳಬೇಕು ಎಂಬುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ರಾಜಶೇಖರನಿಗೆ ಎಚ್ಚರವಾದಾಗ ಪೂವಪ್ಪ ಮಂಚದ ಪಕ್ಕದಲ್ಲಿದ್ದ. ಎಡಗೈ ಬ್ಯಾಂಡೇಜಿನ ದೊಡ್ಡ ಗಂಟಾಗಿ ಮೇಲೆ ತೂಗುತ್ತಿತ್ತು. ರಾಜಶೇಖರ ತುಟಿ ಒದ್ದೆ ಮಾಡಿಕೊಂಡು, ತೊದಲುತ್ತ ಕೇಳಿದ.

“ಗಾಡಿ ಹೋತೇನ್ರಿ?”

ಪೂವಪ್ಪ ಅವನನ್ನೇ ನೋಡಿದ. ಮೂರು ಗಂಟೆ ಕೂತು ಕೂಡಿಸಿಟ್ಟ ಬೈಗುಳಗಳಲ್ಲಿ ಒಂದೂ ಈ ಪ್ರಶ್ನೆಗೆ ಸಾಲುವಂತಿರಲಿಲ್ಲ.

“ಹೋಯಿತು” ಎಂದ. “ಅದಕ್ಕಾಗಿ ಹದಿನಾಲ್ಕು ಫೋನ್ ಬಂತು. ನಿಮ್ಮ ಕೈ ಉಳಿಯಿತಾ ಅಂತ ಕೇಳಲಿಕ್ಕೆ ಒಂದೂ ಬರಲಿಲ್ಲ. ಈಗ ನೀವೂ ಕೇಳಲಿಲ್ಲ.”

ರಾಜಶೇಖರ ಬ್ಯಾಂಡೇಜನ್ನು ನೋಡಿದ. ಅವನ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು. ಒರೆಸಿಕೊಳ್ಳಲು ಎಡಗೈ ಎಳೆಯಲು ಹೋಗಿ, ಆಗದೆ ಬಿಟ್ಟ.

“ಬೆರಳು ಅದಾವೇನ್ರಿ?” ಎಂದು ಕೇಳಿದ.

“ಐದೂ ಉಂಟು” ಎಂದ ಪೂವಪ್ಪ. ಅದನ್ನೂ ಬೈದ ಹಾಗೆಯೇ ಹೇಳಿದ.